ಸ್ಖೇವೆನಿಂಗನ್‌ನಲ್ಲಿ ಒಂದು ಬಿಡುವಿನ ಶನಿವಾರ

ಶುಕ್ರವಾರ, ರಾತ್ರಿ

ತಮ್ಮನಿಗೆ ಸೋಮವಾರ ಪರೀಕ್ಷೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಅವನು ಓದುತ್ತಿರುವುದು ನೀರಿಗೆ ಸಂಬಂಧಪಟ್ಟ ಎಂಜಿನಿಯರಿಂಗ್. ನಾನು ಕುಂದಾಪುರದಿಂದ ಬಂದು ಐದು ದಿನ ಆಗಿತ್ತು. ಅಷ್ಟು ದಿನವೂ ಓದು ಬಿಟ್ಟು ನನ್ನ ಜೊತೆ ತಿರುಗಿದ್ದ. ಡೆಲ್ಫ್ಟ್‌ನ ಕಾಲುವೆಗಳು, ನೀಲಿ ಬಣ್ಣದ ಪಿಂಗಾಣಿ, ಒಂದು ದಿನ ಆಮ್‌ಸ್ಟರ್‌ಡ್ಯಾಮ್, ಒಂದು ದಿನ ರಾಟರ್‌ಡ್ಯಾಮ್. ಇನ್ನು ಸಾಕು, ನೀನು ಓದು ಅಂದೆ.

"ಹಾಗಾದ್ರೆ ನಾಳೆ ನೀನೊಬ್ಳೇ ಕಡಲ ಬದಿಗೆ ಹೋಗಿ ಬಾ ಅಕ್ಕಾ. ಸಂಜೆ ನಾನೂ ಬಂದು ಸೇರ್ಕೊಳ್ತೇನೆ" ಅಂದ.

ಐದು ದಿನದಿಂದ ಈ ದೇಶದಲ್ಲಿ ಎಲ್ಲಿ ನೋಡಿದರೂ ನೀರು. ಆದರೆ ಕಡಲು ಇನ್ನೂ ಕಂಡಿರಲಿಲ್ಲ. ಕಾಗದದಲ್ಲಿ ಊರಿನ ಹೆಸರು ಬರೆದುಕೊಟ್ಟ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ 'ಶೆವೆನಿಂಗೆನ್' ಅಂತ ಓದಬೇಕು ಅನಿಸುತ್ತದೆ. ಹಾಗೆ ಓದಿದೆ. "ಅಲ್ಲ ಅಲ್ಲ, ನಾಳೆ ಟ್ರಾಮ್‌ನಲ್ಲಿ ಯಾರನ್ನಾದ್ರೂ ಕೇಳು" ಅಂತ ನಕ್ಕ.

ಶನಿವಾರ

ಬೆಳಗ್ಗೆ ಒಂಬತ್ತಕ್ಕೆ 1ನೇ ನಂಬರ್ ಟ್ರಾಮ್ ಹಿಡಿದೆ. ಡೆಲ್ಫ್ಟ್‌ನಿಂದ ಹೊರಟು, ಹೇಗ್ ನಗರದ ನಡುವೆ ಹಾದು, ನೇರ ಕಡಲ ದಂಡೆಗೆ ಹೋಗುವ ಟ್ರಾಮ್ ಇದು. ಟಿಕೆಟ್ ಗೋಜಿಲ್ಲ. ಹತ್ತುವಾಗ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು, ಇಳಿಯುವಾಗ ಮತ್ತೊಮ್ಮೆ.

ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ತಮ್ಮ ಹೇಳಿದ ಹಾಗೆ ಕಾಗದ ತೋರಿಸಿ ಕೇಳಿದೆ. ಅವರು ಮೊದಲು 'ಸ್' ಅಂದರು. ಆಮೇಲೆ ಗಂಟಲಿನ ಆಳದಿಂದ 'ಖೇ' ಎಳೆದರು. ಸ್-ಖೇ-ವೆ-ನಿಂಗೆನ್. ನನಗೆ ಎರಡನೇ ಸಲಕ್ಕೇ ಬಂತು! ನಮಗೆ ಖ ಗೊತ್ತಲ್ವಾ, ಅದನ್ನು ಸ್ವಲ್ಪ ಗಂಟಲಿಗೆ ಉಜ್ಜಿದರೆ ಆಯ್ತು. ಅವರಿಗೆ ಖುಷಿಯಾಯಿತು. 1940ರಲ್ಲಿ ಜರ್ಮನ್ನರು ನುಗ್ಗಿದಾಗ ಗೂಢಚಾರರನ್ನು ಹಿಡಿಯಲು ಡಚ್ಚರು ಈ ಊರಿನ ಹೆಸರನ್ನೇ ಹೇಳಿಸುತ್ತಿದ್ದರಂತೆ. ಜರ್ಮನ್ ನಾಲಿಗೆಯಲ್ಲಿ ಅದು 'ಶ' ಆಗಿಬಿಡುತ್ತದೆ. ಈ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು.

ನೇರ ಕಡಲಿಗೆ ಹೋಗದೆ ಹೇಗ್‌ನಲ್ಲೇ ಇಳಿದೆ. ಜೀಸ್ಟ್ರಾಟ್ ಎಂಬ ಬೀದಿಯಲ್ಲಿ ಪನೋರಮಾ ಮೆಸ್ಡಾಗ್ ಇದೆ. ಕಡಲು ನೋಡುವ ಮೊದಲು ಕಡಲಿನ ಚಿತ್ರ ನೋಡಿ ಹೋಗು ಅಂತ ತಮ್ಮ ಹೇಳಿದ್ದ. ಇಡೀ ದಿನದಲ್ಲಿ ಅವನು ಕೊಟ್ಟ ಒಳ್ಳೆಯ ಸಲಹೆ ಅದು.

ಒಳಗೆ ಹೋದರೆ ಮೊದಲು ಕತ್ತಲೆಯ ಓಣಿ. ಆಮೇಲೆ ಸುತ್ತು ಮೆಟ್ಟಿಲು. ಹತ್ತಿ ತಲೆ ಎತ್ತಿದರೆ ನಾನು ಹೊಯ್ಗೆ ದಿಬ್ಬದ ಮೇಲಿದ್ದೇನೆ! ಸುತ್ತಲೂ 1881ರ ಸ್ಖೇವೆನಿಂಗನ್. ಒಂದು ಕಡೆ ಕಡಲು, ಇನ್ನೊಂದು ಕಡೆ ಕೆಂಪು ಹೆಂಚಿನ ಊರು, ದೂರದಲ್ಲಿ ಹೇಗ್ ನಗರದ ಗೋಪುರಗಳು. 14 ಮೀಟರ್ ಎತ್ತರ, ಸುತ್ತಳತೆ ಸುಮಾರು 120 ಮೀಟರ್. ಒಂದೇ ಚಿತ್ರ. ಎಲ್ಲೂ ಮೂಲೆಯಿಲ್ಲ, ಚೌಕಟ್ಟಿಲ್ಲ.

ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಗ್ ಎಂಬ ಕಲಾವಿದ ಇದನ್ನು ಮಾಡಿದ್ದು. ಒಬ್ಬನೇ ಅಲ್ಲ. ಹೆಂಡತಿ ಸಿಂಟ್ಯೆ ಇದ್ದಳು, ಬ್ರೈಟ್ನರ್ ಮತ್ತೆ ಇನ್ನೂ ಕೆಲವು ಗೆಳೆಯರಿದ್ದರು. ಮೆಸ್ಡಾಗ್ ಕಡಲ ದಂಡೆಯ ಸೈನ್‌ಪೋಸ್ಟ್ ದಿಬ್ಬದ ಮೇಲೆ ಗಾಜಿನ ಸಿಲಿಂಡರ್ ಒಳಗೆ ನಿಂತು, ಹೊರಗೆ ಕಂಡದ್ದನ್ನೆಲ್ಲ ಗಾಜಿನ ಮೇಲೇ ಗೆರೆಯಾಗಿ ಎಳೆದುಕೊಂಡ. ಅದನ್ನೇ ದೊಡ್ಡದು ಮಾಡಿ ಕ್ಯಾನ್ವಾಸಿಗೆ ಇಳಿಸಿದರು. ಕೆಲವೇ ತಿಂಗಳಲ್ಲಿ ಎಲ್ಲ ಮುಗಿಯಿತು. ಕೆಳಗೆ ಕಡಲ ಬದಿಯಲ್ಲಿ ಕುದುರೆ ಸವಾರ ಸೈನಿಕರ ಗುಂಪು ಇದೆ, ಅದು ಬ್ರೈಟ್ನರ್ ಕೈಕೆಲಸ. ಬಿಳಿ ಕೊಡೆಯ ಕೆಳಗೆ ಕೂತು ಚಿತ್ರ ಬರೆಯುತ್ತಿರುವ ಹೆಂಗಸು ಸಿಂಟ್ಯೆ. ಅವಳನ್ನು ಹುಡುಕಲು ನನಗೆ ಐದು ನಿಮಿಷ ಬೇಕಾಯಿತು.

ಚಿತ್ರಕ್ಕೂ ನಾವು ನಿಂತ ಜಾಗಕ್ಕೂ ನಡುವೆ ನಿಜವಾದ ಹೊಯ್ಗೆ ಹರಡಿದ್ದಾರೆ. ಅದರ ಮೇಲೆ ನಿಜವಾದ ಹಳೆ ಸಾಮಾನು. ಹೊಯ್ಗೆ ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಹೊಳೆಯುವುದಿಲ್ಲ. ಬೆಳಕು ಬರುವುದು ಮೇಲಿನ ಗಾಜಿನ ಮಾಡಿನಿಂದ. ನಾನು ನಿಂತಿದ್ದಾಗ ಹೊರಗೆ ಮೋಡ ಬಂತು. ಒಳಗೆ ಚಿತ್ರದ ಕಡಲೂ ಮಂಕಾಯಿತು. ಮೋಡ ಸರಿಯಿತು, ಅಲೆಗಳ ಮೇಲೆ ಮತ್ತೆ ಬೆಳ್ಳಿ ಬಣ್ಣ. ನೂರ ನಲವತ್ತು ವರ್ಷದ ಹಿಂದಿನ ಕಡಲ ಮೇಲೆ ಇವತ್ತಿನ ಬಿಸಿಲು ಬೀಳುವುದನ್ನು ನೋಡಿ ಮೈ ಜುಮ್ಮೆಂದಿತು.

ನನಗೆ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ. ಕಾರಣ ದೋಣಿಗಳು. ದಂಡೆಯುದ್ದಕ್ಕೂ ಹೊಯ್ಗೆ ಮೇಲೇ ಎಳೆದಿಟ್ಟ ದಪ್ಪ ಹೊಟ್ಟೆಯ ದೋಣಿಗಳು. ಇವಕ್ಕೆ ಬಾಮ್‌ಸ್ಖೌಟ್ ಅಂತ ಹೆಸರು. ತಳ ಚಪ್ಪಟೆ. ಆಗ ಈ ಊರಿಗೆ ಬಂದರೇ ಇರಲಿಲ್ಲ. ಮೀನು ಹಿಡಿದು ಬಂದ ದೋಣಿ ನೇರ ದಡಕ್ಕೆ ಬಂದು ಕೂರಬೇಕು, ಅದಕ್ಕೇ ಚಪ್ಪಟೆ ತಳ. ನಮ್ಮ ಕಡೆ ಮಳೆಗಾಲದಲ್ಲಿ ದೋಣಿಗಳನ್ನು ತೆಂಗಿನ ಮರದ ಬುಡದವರೆಗೆ ಎಳೆದಿಟ್ಟು ಸೋಗೆ ಮುಚ್ಚುತ್ತಿದ್ದ ಚಿತ್ರ ಕಣ್ಣ ಮುಂದೆ ಬಂತು. ಎರಡನೇ ಸಲ ಪೂರ್ತಿ ಸುತ್ತು ಬಂದೆ. ಇಷ್ಟು ಗುರುತಿಟ್ಟುಕೊಂಡೆ: ಒಂದು ಚರ್ಚು, ಒಂದು ದೀಪಸ್ತಂಭ, ದಂಡೆಯ ದೋಣಿಗಳು. ಇವತ್ತು ಇವನ್ನು ಹುಡುಕಬೇಕು.

ಅಲ್ಲಿಂದ ನಡಿಗೆ. ಟ್ರಾಮ್ ಬೇಡ ಅನಿಸಿತು.

ಸ್ವಲ್ಪ ಮುಂದೆ ಪೀಸ್ ಪ್ಯಾಲೇಸ್. ಅಂತಾರಾಷ್ಟ್ರೀಯ ನ್ಯಾಯಾಲಯ ಇರುವ ಕಟ್ಟಡ. ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಿಂದ ಕಟ್ಟಿದ್ದು, 1913ರಲ್ಲಿ ತೆರೆಯಿತು. ಗೇಟಿನ ಹೊರಗೆ ಪ್ರವಾಸಿಗರ ಗುಂಪು. ಒಳಗೆ ಹೋಗುವ ಆಸೆ ಇರಲಿಲ್ಲ. ಆದರೂ ಗೇಟಿನ ಹತ್ತಿರ ಸುಮ್ನೆ ಸ್ವಲ್ಪ ಹೊತ್ತು ನಿಂತೆ. ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು ಇಲ್ಲಿ ನ್ಯಾಯಾಧೀಶರಾಗಿದ್ದರು. ಸಂವಿಧಾನ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದವರು, ಕರಡಿನ ಮೊದಲ ರೂಪ ಸಿದ್ಧ ಮಾಡಿದವರು. 1952ರಲ್ಲಿ ಈ ನ್ಯಾಯಾಲಯಕ್ಕೆ ಬಂದರು, ಮರುವರ್ಷವೇ ತೀರಿಕೊಂಡರು. ಊರಲ್ಲಿ ಅವರ ಹೆಸರು ಎಷ್ಟು ಜನರಿಗೆ ಗೊತ್ತು ಅಂತ ಯೋಚಿಸಿದರೆ ಬೇಜಾರಾಗುತ್ತದೆ. ಇಂಥ ದೊಡ್ಡವರನ್ನು ನಾವು ಇನ್ನೂ ಜಾಸ್ತಿ ನೆನೆಸಿಕೊಳ್ಳಬೇಕು.

ಇಲ್ಲಿಂದ ಸ್ಖೇವೆನಿಂಗ್ಸೆವೆಖ್ ಶುರು. ಅಂದರೆ ಸ್ಖೇವೆನಿಂಗನ್ ರಸ್ತೆ. ಹಗ್ಗ ಎಳೆದ ಹಾಗೆ ನೇರ. ಎರಡೂ ಕಡೆ ದೊಡ್ಡ ಮರಗಳು, ಒಂದು ಬದಿಗೆ ಕಾಡಿನಂಥ ತೋಪು. ಈ ರಸ್ತೆಗೆ ಮುನ್ನೂರೈವತ್ತು ವರ್ಷ ದಾಟಿದೆ. ಅದಕ್ಕೂ ಮೊದಲು ಹೇಗ್‌ನಿಂದ ಕಡಲಿಗೆ ಹೋಗಲು ಹೊಯ್ಗೆ ದಿಬ್ಬ ತುಳಿದೇ ಹೋಗಬೇಕಿತ್ತು. ಕಾನ್‌ಸ್ಟಂಟೈನ್ ಹೌಖೆನ್ಸ್ ಎಂಬ ಕವಿ, ಅವನು ಅರಮನೆಯ ಅಧಿಕಾರಿಯೂ ಹೌದು, ದಿಬ್ಬ ಕಡಿದು ನೇರ ರಸ್ತೆ ಮಾಡಿ ಇಟ್ಟಿಗೆ ಹಾಸೋಣ ಎಂದ. 1665ರಲ್ಲಿ ಮುಗಿಯಿತು. ಖರ್ಚು ಹುಟ್ಟಲು ಸುಂಕದ ಕಟ್ಟೆ ಇಟ್ಟರು. ಆ ರಸ್ತೆಯ ಮೇಲೇ ಅವನು ಒಂದು ಉದ್ದ ಕವಿತೆ ಬರೆದ. ರಸ್ತೆ ಮಾಡಿಸಿ, ಅದಕ್ಕೊಂದು ಕವಿತೆಯನ್ನೂ ಬರೆದ ಮನುಷ್ಯ ಎಂಥವನಿರಬೇಕು! ನನಗಂತೂ ಅವನ ಮೇಲೆ ಗೌರವ ಬಂತು.

ಆದರೆ ಈ ರಸ್ತೆಯಲ್ಲಿ ದಿನಾ ನಡೆದವರು ಮೀನಿನ ಹೆಂಗಸರು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೇಗ್ ಪೇಟೆಗೆ ಮೀನು ಮಾರಲು ಹೋಗುತ್ತಿದ್ದರು. ಮೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ನಾನು ಕೈಬೀಸಿ ನಡೆಯುವಾಗಲೇ ಗಾಳಿಗೆ ಎದುರಾಗಿ ಉಸಿರು ಕಟ್ಟುತ್ತಿತ್ತು. ಅವರು ಮಂಜಿನಲ್ಲಿ, ಚಳಿಯಲ್ಲಿ, ಭಾರ ಹೊತ್ತು ನಡೆದರು. 1864ರಲ್ಲಿ ಹೇಗ್‌ನಿಂದ ಸ್ಖೇವೆನಿಂಗನ್‌ಗೆ ಕುದುರೆ ಎಳೆಯುವ ಟ್ರಾಮ್ ಬಂತು, ಈ ದೇಶದ ಮೊಟ್ಟಮೊದಲ ಟ್ರಾಮ್ ಅದು. ನಾನು ಬಿಟ್ಟು ಬಂದ 1ನೇ ನಂಬರ್ ಈಗ ಪಕ್ಕದಲ್ಲೇ ಗಂಟೆ ಬಾರಿಸುತ್ತಾ ಹೋಯಿತು.

ಮರಗಳು ಮುಗಿದವು. ಗಾಳಿಯ ವಾಸನೆ ಬದಲಾಯಿತು. ಉಪ್ಪು, ಸ್ವಲ್ಪ ಪಾಚಿ. ಕಡಲ ಬದಿಯಲ್ಲಿ ಬೆಳೆದವರಿಗೆ ಇದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

ಕೈಜರ್‌ಸ್ಟ್ರಾಟ್ ಇಲ್ಲಿನ ಹಳೆಯ ಬೀದಿ. ಕಡಲಿಗೆ ಇಳಿಯುವ ಉದ್ದನೆಯ ಅಂಗಡಿ ಬೀದಿ. ಬೇಕರಿ, ಬಟ್ಟೆ, ಮೀನಂಗಡಿ, ಸೈಕಲ್ಲು. ಶನಿವಾರವಾದ್ದರಿಂದ ಮನೆ ಸಾಮಾನು ಕೊಳ್ಳಲು ಬಂದ ಊರಿನವರೇ ಜಾಸ್ತಿ. ನಾನು ಅಂಗಡಿಗಳಲ್ಲಿ ನಿಲ್ಲದೆ ಪಕ್ಕದ ಓಣಿಗಳಿಗೆ ನುಗ್ಗಿದೆ. ಗಿಡ್ಡ ಗಿಡ್ಡ ಇಟ್ಟಿಗೆ ಮನೆಗಳು, ಒಂದಕ್ಕೊಂದು ಅಂಟಿಕೊಂಡಿವೆ. ಬಾಗಿಲು ತೆರೆದರೆ ನೇರ ಬೀದಿ. ಕಿಟಕಿಯಲ್ಲಿ ಪಿಂಗಾಣಿ ಗೊಂಬೆ, ಪುಟ್ಟ ಮರದ ಹಡಗು. ಒಂದು ಮನೆಯೆದುರು ಅಜ್ಜ ಒಬ್ಬರು ಬಾಗಿಲ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದರು. ಉಪ್ಪು ಗಾಳಿಗೆ ಬಣ್ಣ ನಿಲ್ಲುವುದಿಲ್ಲ, ಆಗಾಗ ಬಳಿಯಲೇಬೇಕು ಎಂದರು. ನಮ್ಮ ಮನೆ ಕಿಟಕಿ ಸರಳಿನ ತುಕ್ಕಿನ ಕಥೆಯನ್ನು ನಾನೂ ಹೇಳಿದೆ. ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು.

ಬೀದಿಯ ತುದಿಯಲ್ಲಿ ಹಳೆ ಚರ್ಚು. ಚಿತ್ರದಲ್ಲಿ ನೋಡಿದ್ದು ಇದೇ! ಆದರೆ ನನ್ನನ್ನು ನಿಲ್ಲಿಸಿದ್ದು ಅದು ನಿಂತ ಜಾಗ. ಇನ್ನೊಂದಿಷ್ಟು ಹೆಜ್ಜೆ ಹಾಕಿದರೆ ಕಡಲು. ಕಟ್ಟುವಾಗ ಹೀಗಿರಲಿಲ್ಲ. ಆಗ ಚರ್ಚು ಊರಿನ ಮಧ್ಯದಲ್ಲಿತ್ತು, ಅದರಾಚೆಗೂ ಬೀದಿ, ಮನೆ ಇದ್ದವು. 1570ರ ನವೆಂಬರ್ 1, ಎಲ್ಲ ಸಂತರ ಹಬ್ಬದ ದಿನ, ದೊಡ್ಡ ಬಿರುಗಾಳಿಯಲ್ಲಿ ಕಡಲು ಮೇಲೆ ಬಂತು. ನೂರಕ್ಕೂ ಜಾಸ್ತಿ ಮನೆಗಳನ್ನು ಎಳೆದುಕೊಂಡು ಹೋಯಿತು. ಊರಿನ ಒಂದು ಪಾಲೇ ಇಲ್ಲವಾಯಿತು. ಚರ್ಚು ಉಳಿಯಿತು, ಅಂದಿನಿಂದ ಅದು ಊರಿನ ಅಂಚಿನ ಕಟ್ಟಡ.

ನಾನು ಹುಟ್ಟಿದ್ದು ಕುಂದಾಪುರದಲ್ಲಾದರೂ ಬೆಳೆದದ್ದು ಅರ್ಧ ಮರವಂತೆಯಲ್ಲಿ, ಅಮ್ಮಮ್ಮನ ಮನೆಯಲ್ಲಿ. ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಪ್ರತಿ ಮಳೆಗಾಲ ಕಡಲ್ಕೊರೆತದ ಮಾತು. ಹೋದ ವರ್ಷ ಇದ್ದ ತೆಂಗಿನ ಮರ ಈ ವರ್ಷ ಇಲ್ಲ. ಲಾರಿಯಲ್ಲಿ ದೊಡ್ಡ ದೊಡ್ಡ ಕಲ್ಲು ತಂದು ಸುರಿಯುತ್ತಾರೆ. ಆ ಚರ್ಚಿನ ಗೋಡೆಗೆ ಕೈ ಇಟ್ಟು ನಿಂತಾಗ ನೆನಪಾದದ್ದು ರಾತ್ರಿ ಹೊತ್ತು ಅಮ್ಮಮ್ಮನ ಮನೆಯಲ್ಲಿ ಕೇಳುತ್ತಿದ್ದ ಆ ಸದ್ದು. ಅಲೆ ಕಲ್ಲಿಗೆ ಬಡಿಯುವ ಸದ್ದು.

ಆಮೇಲೆ ಕಡಲು ಕಂಡಿತು. ಬೂದು ಹಸಿರು ಬಣ್ಣ. ಅಗಲವಾದ ದಂಡೆ, ಜೋರು ಗಾಳಿ. ಇದೂ ಪಡುವಣ ಕಡಲೇ, ನಮ್ಮದರ ಹಾಗೆ. ಸೂರ್ಯ ಮುಳುಗುವುದು ನೀರಿನಲ್ಲೇ. ಡಚ್ಚರಲ್ಲಿ ಒಂದು ಮಾತಿದೆ, 'ಔಟ್‌ವಾಯೆನ್'. ಹೊರಗೆ ಹೋಗಿ ಗಾಳಿಗೆ ಮೈಯೊಡ್ಡಿ, ತಲೆಯೊಳಗಿನ ಭಾರವನ್ನೆಲ್ಲ ಹಾರಿಸಿಬಿಟ್ಟು ಬರುವುದು. ಹತ್ತು ನಿಮಿಷ ನಾನೂ ಅದನ್ನೇ ಮಾಡಿದೆ.

ದಂಡೆಯ ಮೇಲಿನ ಕಾಲುದಾರಿಯಲ್ಲಿ ಎಡಕ್ಕೆ ತಿರುಗಿದರೆ ಅವಳು ನಿಂತಿದ್ದಾಳೆ. ಮೀನುಗಾರನ ಹೆಂಡತಿ. ಕಂಚಿನ ಪ್ರತಿಮೆ. ಗೆರಾರ್ಡ್ ಬಾಕ್ಕರ್ ಎಂಬ ಶಿಲ್ಪಿ ಮಾಡಿದ್ದು, 1982ರಲ್ಲಿ ನಿಲ್ಲಿಸಿದರು. ಸ್ಖೇವೆನಿಂಗನ್ ಹೆಂಗಸರ ಹಳೆಯ ಉಡುಪು, ನೆರಿಗೆಯ ಉದ್ದ ಲಂಗ. ಮುಖ ಕಡಲ ಕಡೆ. ಕಡಲಿಗೆ ಹೋಗಿ ತಿರುಗಿ ಬಾರದವರಿಗಾಗಿ ಇಟ್ಟ ಪ್ರತಿಮೆ ಇದು. ಹತ್ತಿರದಲ್ಲೇ ಲೋಹದ ಫಲಕಗಳಲ್ಲಿ ಅವರ ಹೆಸರುಗಳಿವೆ. ಸಾಲು ಸಾಲು ಹೆಸರು. ಓದುತ್ತಾ ಹೋದರೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ. ಅಣ್ಣ ತಮ್ಮಂದಿರೋ, ಅಪ್ಪ ಮಗನೋ ಅಂತ ಮನಸ್ಸು ಲೆಕ್ಕ ಹಾಕತೊಡಗಿತು. ಅರ್ಧಕ್ಕೆ ನಿಲ್ಲಿಸಿಬಿಟ್ಟೆ.

ಅಮ್ಮನ ದೊಡ್ಡಣ್ಣ ನಾನು ಹುಟ್ಟುವ ಮೊದಲೇ ಕಡಲಿನಲ್ಲಿ ಹೋದ. ದೋಣಿ ಸಿಕ್ಕಿತಂತೆ, ಅವನು ಸಿಗಲಿಲ್ಲ. ಅಮ್ಮಮ್ಮ ಅದರ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ. ಆದರೆ ನೂಲ ಹುಣ್ಣಿಮೆ ದಿನ ಸಮುದ್ರ ಪೂಜೆಗೆ ಎಲ್ಲರೂ ಕಡಲಿಗೆ ಹಾಲು ಎರೆದು ಕಾಯಿ ಬಿಡುವಾಗ, ಅವಳು ಮಾತ್ರ ಎರಡು ಕಾಯಿ ತರುತ್ತಿದ್ದಳು. ಒಂದನ್ನು ಎಲ್ಲರ ಜೊತೆ ಬಿಡುತ್ತಿದ್ದಳು. ಇನ್ನೊಂದನ್ನು ಎಲ್ಲರೂ ಮನೆ ಕಡೆ ತಿರುಗಿದ ಮೇಲೆ. ಮಾವನ ಹೆಸರು ಎಲ್ಲೂ ಬರೆದಿಟ್ಟಿಲ್ಲ. ನಮ್ಮ ಒಂದೊಂದು ಬಂದರಿನಲ್ಲೂ ಇಂಥದೊಂದು ಗೋಡೆ ಬೇಕು. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ಹೊನ್ನಾವರದಲ್ಲಿ, ಕಾರವಾರದಲ್ಲಿ. ಹೆಸರು ಓದಲು ಒಂದು ಜಾಗ ಬೇಕು. ನಾನಿದನ್ನು ತುಂಬಾ ಮನಸ್ಸಿನಿಂದ ಹೇಳುತ್ತಿದ್ದೇನೆ.

ಫಲಕಗಳ ಒಂದು ಫೋಟೋ ತೆಗೆದುಕೊಂಡೆ.

ಮುಂದೆ ದೀಪಸ್ತಂಭ. ಕಡು ಕೆಂಪು ಬಣ್ಣ, ಎರಕದ ಕಬ್ಬಿಣದ್ದು, 1875ರಲ್ಲಿ ಕಟ್ಟಿದ್ದು. ಅಂದರೆ ಮೆಸ್ಡಾಗ್ ಚಿತ್ರ ಬರೆಯುವಾಗ ಅದಕ್ಕೆ ಬರೀ ಆರು ವರ್ಷ. ಬೆಳಗ್ಗೆ ಬಣ್ಣದಲ್ಲಿ ನೋಡಿದ್ದು ಈಗ ಎದುರಿಗೆ ಇದೆ. ಸುತ್ತ ಮನೆಗಳು ಎತ್ತರವಾಗಿವೆ, ಅಷ್ಟೇ.

ಇನ್ನು ಉಳಿದದ್ದು ದೋಣಿಗಳು. ಅವು ದಂಡೆಯಲ್ಲಿ ಇಲ್ಲ. ಬಂದರಿನಲ್ಲಿವೆ. 1894ರ ಡಿಸೆಂಬರ್, ಕ್ರಿಸ್ಮಸ್‌ಗೆ ಎರಡು ಮೂರು ದಿನ ಇರುವಾಗ ಬಿರುಗಾಳಿ ಬೀಸಿತು. ದಂಡೆಯ ಮೇಲೆ ಎಳೆದಿಟ್ಟಿದ್ದ ಬಾಮ್‌ಸ್ಖೌಟ್‌ಗಳನ್ನು ಅಲೆ ಎತ್ತಿ ಒಂದಕ್ಕೊಂದು ಬಡಿಯಿತು. ಬಹಳಷ್ಟು ಚೂರಾದವು. ಬಂದರು ಬೇಕು ಅಂತ ಊರಿನವರು ಎಷ್ಟೋ ಕಾಲದಿಂದ ಕೇಳುತ್ತಿದ್ದರು, ಆ ರಾತ್ರಿಯ ನಂತರ ಆ ಮಾತನ್ನು ತಳ್ಳಿಹಾಕಲು ಆಗಲಿಲ್ಲ. 1904ರಲ್ಲಿ ಬಂದರು ಆಯಿತು. ಚಪ್ಪಟೆ ತಳದ ದೋಣಿಯ ಕಾಲವೂ ಅಲ್ಲಿಗೆ ಮುಗಿಯುತ್ತಾ ಬಂತು. ಈಗಿನ ದೋಣಿಗಳ ಮೂತಿಯ ಮೇಲೆ ಈ ಊರಿನ ಮೂರು ಅಕ್ಷರ ಮತ್ತು ನಂಬರ್. ಎಸ್, ಸಿ, ಎಚ್. ಬಲೆ, ಹಗ್ಗ, ಡೀಸೆಲ್ ವಾಸನೆ, ಕಿರುಚುವ ಕಡಲಕ್ಕಿಗಳು. ಕಣ್ಣು ಮುಚ್ಚಿದರೆ ಗಂಗೊಳ್ಳಿ.

ನನ್ನ ಪುಣ್ಯ, ಬಂದದ್ದು ಜೂನ್‌ನಲ್ಲಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಎಲ್ಲ ದಡದಲ್ಲಿ ಕಟ್ಟಿಕೊಂಡಿರುತ್ತವೆ. ಇಲ್ಲಿ ತಿರುವುಮುರುವು. ಜೂನ್ ಅಂದರೆ ಹೊಸ ಹೆರಿಂಗ್ ಬರುವ ತಿಂಗಳು. ಆ ಖುಷಿಗೆ ದೋಣಿಗಳಿಗೆಲ್ಲ ಬಾವುಟ ಕಟ್ಟಿ 'ವ್ಲಖೆಟ್ಯೆಸ್‌ಡಾಖ್' ಅಂತ ಹಬ್ಬ ಮಾಡುತ್ತಾರೆ, ಬಾವುಟದ ದಿನ ಅಂತ ಅರ್ಥ. ಹೊಸ ಹೆರಿಂಗಿನ ಮೊದಲ ಪೀಪಾಯಿ ಹರಾಜಾಗುತ್ತದೆ, ದುಡ್ಡು ಒಳ್ಳೆಯ ಕೆಲಸಕ್ಕೆ ಹೋಗುತ್ತದೆ. ನಾನು ಹೋಗುವಾಗ ಹಬ್ಬ ಮುಗಿದಿತ್ತು. ಕೆಲವು ಅಂಗಡಿಗಳಲ್ಲಿ ಬಾವುಟದ ಸರ ಇನ್ನೂ ಇತ್ತು.

ಬಂದರಿನ ಬದಿಯ ಮೀನಿನ ಗಾಡಿಯ ಮುಂದೆ ನಿಂತೆ. ಗಾಡಿಯ ಹೆಂಗಸು ಬುಟ್ಟಿಯಿಂದ ಒಂದು ಹೆರಿಂಗ್ ತೆಗೆದರು. ನಮ್ಮ ಬೂತಾಯಿಯ ಕುಟುಂಬದ್ದೇ ಈ ಮೀನು, ಗಾತ್ರ ಮಾತ್ರ ದೊಡ್ಡದು. ಬೆಳ್ಳಿ ಹೊಟ್ಟೆ, ನೀಲಿ ಬೆನ್ನು. ಕಿರುಬೆರಳುದ್ದದ ಚೂರಿ. ತಲೆ ತೆಗೆದರು, ಹೊಟ್ಟೆ ಸೀಳಿದರು, ಚರ್ಮವನ್ನು ಬಾಲದ ಕಡೆಗೆ ಒಂದೇ ಎಳೆತಕ್ಕೆ ಸುಲಿದರು. ನಡುಮುಳ್ಳು ಪೂರ್ತಿ ಹೊರಗೆ. ಎರಡು ಹೋಳು, ಬಾಲದಲ್ಲಿ ಮಾತ್ರ ಸೇರಿಕೊಂಡಿವೆ. ಒಂದು ನಿಮಿಷವೂ ಆಗಲಿಲ್ಲ. ಅಮ್ಮಮ್ಮ ಬೂತಾಯಿ ಕೊಯ್ಯುವಾಗಲೂ ಹೀಗೇ, ಕೈ ನೋಡುತ್ತಲೇ ಇರಲಿಲ್ಲ, ಮಾತಾಡುತ್ತಾ ಕೊಯ್ಯುತ್ತಿದ್ದಳು.

ಸಣ್ಣಗೆ ಹೆಚ್ಚಿದ ಈರುಳ್ಳಿಯಲ್ಲಿ ಮೀನನ್ನು ಹೊರಳಿಸಬೇಕು. ಬಾಲ ಹಿಡಿದು ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಕೆಳಗಿನಿಂದ ಕಚ್ಚಬೇಕು. ಬೆಂಕಿ ಕಾಣದ ಮೀನು. ಒಂದು ಕ್ಷಣ ಅಳುಕಿತು. ಆಮೇಲೆ ಕಚ್ಚಿದೆ. ಹಸಿ ವಾಸನೆ ಇಲ್ಲವೇ ಇಲ್ಲ! ಬೆಣ್ಣೆ ಹಾಗೆ ಮೆತ್ತಗೆ, ಹಿತವಾದ ಉಪ್ಪು, ಕೊನೆಗೆ ಸಣ್ಣ ಸಿಹಿ.

ಹೇಗೆ ಮಾಡ್ತೀರಿ ಅಂತ ಕೇಳಿದೆ. ಗಿರಾಕಿ ಜಾಸ್ತಿ ಇರಲಿಲ್ಲ, ಹೇಳಿದರು. ಬೇಸಿಗೆಯ ಹೊತ್ತಿಗೆ ಹೆರಿಂಗ್ ಮೈತುಂಬಾ ಕೊಬ್ಬು ಕಟ್ಟಿಕೊಳ್ಳುತ್ತದೆ. ಶೇಕಡಾ 16ರಷ್ಟಾದರೂ ಕೊಬ್ಬಿದ್ದರೆ ಮಾತ್ರ 'ಹೊಲಾಂಡ್ಸೆ ನ್ಯೂವೆ' ಎಂಬ ಹೆಸರಿನಲ್ಲಿ ಮಾರಬಹುದು. ಕಿವಿರು ಮತ್ತು ಕರುಳಿನ ಭಾಗ ತೆಗೆಯುತ್ತಾರೆ, ಮೇದೋಜೀರಕ ಗ್ರಂಥಿಯನ್ನು ಹಾಗೇ ಬಿಡುತ್ತಾರೆ. ಆ ಗ್ರಂಥಿಯ ರಸ ಮತ್ತು ಸ್ವಲ್ಪವೇ ಉಪ್ಪು, ಇವೆರಡೇ ಮೀನನ್ನು ಹದ ಮಾಡುವುದು. ಹುಳದ ಭಯ ಇರಬಾರದು ಅಂತ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುವುದು ಕಡ್ಡಾಯ. ಎಷ್ಟೋ ಶತಮಾನದ ಹಿಂದಿನ ಕಸುಬು, ಈ ದೇಶವನ್ನು ಸಾಕಿದ ಕಸುಬು. ಹೀಗೆ ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿದ ಮೀನು ಕೆಡುತ್ತಿರಲಿಲ್ಲ, ದೂರ ದೂರಕ್ಕೆ ಕಳಿಸಬಹುದಿತ್ತು. ನಾನು ಇನ್ನೊಂದು ಮೀನು ತೆಗೆದುಕೊಂಡೆ.

ಮಧ್ಯಾಹ್ನ ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನ ಅಂಚಿನಲ್ಲಿ ಬಡಗು ದಿಕ್ಕಿಗೆ ನಡೆದೆ. ನೀರು ತಣ್ಣಗೆ, ಪಾದ ಜೋಮು ಹಿಡಿಯುವಷ್ಟು. ಗಾಳಿ ಹೊಯ್ಗೆಯನ್ನು ಎತ್ತಿ ಮುಖಕ್ಕೆ ಎರಚುತ್ತಿತ್ತು. ವಿನ್ಸೆಂಟ್ ವ್ಯಾನ್ ಗಾಗ್ 1882ರ ಆಗಸ್ಟಿನಲ್ಲಿ ಇದೇ ದಂಡೆಯಲ್ಲಿ, ಇಂಥದೇ ಗಾಳಿಯಲ್ಲಿ ನಿಂತು ಕಡಲಿನ ಚಿತ್ರ ಬರೆದ. ಹಸಿ ಬಣ್ಣಕ್ಕೆ ಹೊಯ್ಗೆ ಅಂಟಿತು. ಆ ಕಣಗಳು ಆ ಚಿತ್ರದಲ್ಲಿ ಇವತ್ತಿಗೂ ಇವೆ. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮ್ಯೂಸಿಯಂನಿಂದ ಆ ಚಿತ್ರ ಕಳುವಾಗಿ, 2016ರಲ್ಲಿ ಇಟಲಿಯ ನೇಪಲ್ಸ್ ಹತ್ತಿರ ಸಿಕ್ಕಿತು. ಮೊನ್ನೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋದಾಗ ಆ ಮ್ಯೂಸಿಯಂಗೆ ಟಿಕೆಟ್ ಸಿಕ್ಕಿರಲಿಲ್ಲ. ಆ ಬೇಸರ ಈಗ ಸ್ವಲ್ಪ ಕಡಿಮೆಯಾಯಿತು, ಹೊಯ್ಗೆಯಂತೂ ಇಲ್ಲೇ ಇದೆ.

ದಂಡೆಯ ಮೇಲ್ಗಡೆ ಬೀಲ್ಡೆನ್ ಆನ್ ಜೀ ಎಂಬ ಶಿಲ್ಪಗಳ ಮ್ಯೂಸಿಯಂ. ಅದರ ಹೊರಗೆ ಟಾಮ್ ಆಟರ್ನೆಸ್ ಮಾಡಿದ ದುಂಡು ದುಂಡು ಕಂಚಿನ ಗೊಂಬೆಗಳು, ಕಥೆಗಳಲ್ಲಿ ಬರುವವರು. ಬಾಯಿಗೆ ಹೆರಿಂಗ್ ಇಳಿಸಿಕೊಳ್ಳುತ್ತಿರುವ ದೊಡ್ಡ ಮನುಷ್ಯನೂ ಇದ್ದಾನೆ. ಮಕ್ಕಳು ಅವುಗಳ ಮೇಲೆ ಹತ್ತಿ ಕೂತಿದ್ದರು. ಮೆಸ್ಡಾಗ್ ನಿಂತು ಚಿತ್ರ ಎಳೆದ ಸೈನ್‌ಪೋಸ್ಟ್ ದಿಬ್ಬ ಇರಬೇಕಾದದ್ದೂ ಇದೇ ಆಸುಪಾಸಿನಲ್ಲಿ. ಆದರೆ ಆಮೇಲೆ ಅದನ್ನು ಕಡಿದು ತಗ್ಗಿಸಿಬಿಟ್ಟರು. ಬೆಳಗ್ಗೆ ನಾನು ನಿಂತು ನೋಡಿದ ಆ ಎತ್ತರ ಈಗ ಚಿತ್ರದೊಳಗೆ ಮಾತ್ರ ಉಳಿದಿದೆ.

ಕೂರ್‌ಹೌಸ್ ಮತ್ತು ಪಿಯರ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಹೇಳುತ್ತೇನೆ. ಕೂರ್‌ಹೌಸ್ 1885ರ ಗುಮ್ಮಟದ ಹೋಟೆಲು. ಮರುವರ್ಷವೇ ಬೆಂಕಿಗೆ ಸಿಕ್ಕಿ, 1887ರಲ್ಲಿ ಮತ್ತೆ ತೆರೆಯಿತು. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಹಾಡುಗಾರರ ತಂಡ ಇಲ್ಲಿ ಹಾಡಲು ಬಂದಾಗ ಎಷ್ಟು ಗಲಾಟೆ ಎದ್ದಿತೆಂದರೆ ಕೆಲವೇ ನಿಮಿಷದಲ್ಲಿ ನಿಲ್ಲಿಸಬೇಕಾಯಿತು. ಪಿಯರ್ ಅಂದರೆ ಕಡಲೊಳಗೆ ಚಾಚಿದ ಕಟ್ಟೆ. 1901ರ ಹಳೆಯದು ಯುದ್ಧದ ಕಾಲದಲ್ಲಿ, 1943ರಲ್ಲಿ, ಸುಟ್ಟುಹೋಯಿತು. ಈಗಿನದು 1961ರದ್ದು. ಅದರಲ್ಲಿ ನೀರಿನ ಮೇಲೆಯೇ ದೊಡ್ಡ ತಿರುಗುವ ತೊಟ್ಟಿಲು. ಅಲ್ಲಿ ಜನ ಜಾಸ್ತಿ, ಸದ್ದು ಜಾಸ್ತಿ. ಪುಟ್ಟ ಹುಡುಗನೊಬ್ಬನ ಕೈಯಿಂದ ಕಡಲಕ್ಕಿ ಮೀನಿನ ತುಂಡು ಎಗರಿಸಿಕೊಂಡು ಹೋಯಿತು. ಅವನು ಅಳುತ್ತಿದ್ದಾಗ ಅಂಗಡಿಯವರು ಕರೆದು ಇನ್ನೊಂದು ಪೊಟ್ಟಣ ಕೊಟ್ಟರು.

ಸಂಜೆ ಏಳೂವರೆಗೆ ತಮ್ಮ ಬಂದ. ಹೊತ್ತು ಇನ್ನೂ ಮಧ್ಯಾಹ್ನದ ಹಾಗಿತ್ತು.

"ಎಂತ ಅಕ್ಕಾ, ಹೇಗಿತ್ತು?"

"ಆ ಚರ್ಚು ನೋಡಿದೆ. ಈಗ ಬಿರುಗಾಳಿ ಬಂದ್ರೆ ಇವರು ಎಂತ ಮಾಡ್ತಾರೆ? ಕಲ್ಲಿನ ತಡೆಗೋಡೆ ಎಲ್ಲಿದೆ ಇಲ್ಲಿ?"

ಅವನು ನಕ್ಕು ಕಾಲಿನಿಂದ ನೆಲ ತಟ್ಟಿದ. "ನೀನು ಬೆಳಗ್ಗಿಂದ ಅದ್ರ ಮೇಲೇ ನಡೀತಾ ಇದ್ದೀಯ."

ಕಡಲ ಬದಿಯ ಈ ಅಗಲವಾದ ಕಾಲುದಾರಿಯ ಹೊಟ್ಟೆಯೊಳಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಕಟ್ಟೆ ಇದೆ. ದಂಡೆಯ ದುರ್ಬಲ ಜಾಗಗಳ ಪಟ್ಟಿಯಲ್ಲಿ ಸ್ಖೇವೆನಿಂಗನ್ ಕೂಡ ಇತ್ತಂತೆ. ಎತ್ತರದ ಗೋಡೆ ಎಬ್ಬಿಸಿದರೆ ಊರಿಗೆ ಕಡಲೇ ಕಾಣುವುದಿಲ್ಲ. ಅದಕ್ಕೇ ಕಟ್ಟೆಯನ್ನು ಒಳಗೆ ಹುದುಗಿಸಿ, ಮೇಲೆ ಬಾಗಿ ಬಳುಕುವ ಮೆಟ್ಟಿಲು, ಸೈಕಲ್ ದಾರಿ, ಕೂರಲು ಕಟ್ಟೆ ಮಾಡಿದರು. ವಿನ್ಯಾಸ ಬಾರ್ಸಿಲೋನಾದ ಮಾನ್ಯುಯೆಲ್ ಡಿ ಸೋಲಾ ಮೊರಾಲೆಸ್ ಅವರದ್ದು. 2013ರಲ್ಲಿ ಮುಗಿಯಿತು. ಮುಂದಿನ ದಂಡೆಗೂ ಹೊಯ್ಗೆ ತುಂಬಿ ಅಗಲ ಮಾಡಿದರು.

"ಹೊಯ್ಗೆಯನ್ನು ಕಡಲು ತಗೊಂಡು ಹೋಗುದಿಲ್ವಾ?"

"ಹೋಗ್ತದೆ. ಹೋದಷ್ಟು ಮತ್ತೆ ಹಾಕ್ತಾರೆ."

1953ರ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1 ಆಗುವ ಹೊತ್ತಿನ ಪ್ರವಾಹದಲ್ಲಿ ಈ ದೇಶದಲ್ಲಿ 1,836 ಜನ ಸತ್ತರು. ಆ ಲೆಕ್ಕವನ್ನು ಇವರು ಮರೆತಿಲ್ಲ. 1990ರಿಂದ, ಆಗಿದ್ದ ದಂಡೆ ಹಿಂದೆ ಸರಿಯಬಾರದು ಎಂಬುದು ಸರ್ಕಾರದ ನೀತಿ. ಇಲ್ಲಿಂದ ತೆಂಕಿಗೆ, ಕೈಕ್‌ಡೌನ್ ಆಚೆ, 2011ರಲ್ಲಿ 'ಜಾಂಡ್‌ಮೋಟರ್' ಎಂಬ ಪ್ರಯೋಗ ಮಾಡಿದರು. 2 ಕೋಟಿ 15 ಲಕ್ಷ ಘನ ಮೀಟರ್ ಹೊಯ್ಗೆಯನ್ನು ಒಂದೇ ಕಡೆ ರಾಶಿ ಹಾಕಿ ಬಿಟ್ಟರು. ಅಲೆ, ಗಾಳಿ, ಕಡಲಿನ ಸೆಳೆತ ತಾವೇ ಅದನ್ನು ದಂಡೆಯುದ್ದಕ್ಕೂ ಹಂಚುತ್ತವೆ. ಕೊರೆಯುವ ಕಡಲಿಗೇ ತುಂಬುವ ಕೆಲಸ! ಇದನ್ನು ಹೇಳುವಾಗ ತಮ್ಮನ ಕಣ್ಣು ಹೊಳೆಯುತ್ತಿತ್ತು. ನಮ್ಮ ಕಡಲು ಬೇರೆ, ನಮ್ಮ ಮಳೆಗಾಲದ ಅಬ್ಬರ ಬೇರೆ, ಇಲ್ಲಿನದ್ದನ್ನು ಹಾಗೇ ಎತ್ತಿ ತಂದು ಇಡಲು ಆಗುವುದಿಲ್ಲ, ಅಳೆಯಬೇಕು, ವರ್ಷಗಟ್ಟಲೆ ಅಳೆಯಬೇಕು ಅಂತಲೂ ಹೇಳಿದ. ಚಿಕ್ಕವನಿದ್ದಾಗ ಅಮ್ಮಮ್ಮನ ಮನೆ ಹಿಂದೆ ಕೋಲು ನೆಟ್ಟು ಕಡಲು ಎಷ್ಟು ಒಳಗೆ ಬಂತು ಅಂತ ಲೆಕ್ಕ ಇಡುತ್ತಿದ್ದವನು ಇವನು.

ಹತ್ತು ಗಂಟೆ ದಾಟಿದ ಮೇಲೆ ಸೂರ್ಯ ನೀರಿಗೆ ಇಳಿದ. ಅಷ್ಟು ಹೊತ್ತೂ ಮೆಟ್ಟಿಲ ಮೇಲೆ ಕೂತಿದ್ದೆವು. ಪರೀಕ್ಷೆಯ ನೆನಪು ಇಬ್ಬರಿಗೂ ಬರಲಿಲ್ಲ.

ಭಾನುವಾರ, ಬೆಳಗ್ಗೆ

ತಮ್ಮ ಮತ್ತೆ ಪುಸ್ತಕದ ಮುಂದೆ. ನಾನು ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಮಧ್ಯಾಹ್ನ, ಜೋರು ಮಳೆಯ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಫಲಕದ ಫೋಟೋ ಕಳಿಸಿದ್ದೆ. ಅಮ್ಮ ನೋಡಿದ್ದಳು.

"ಅವೆಲ್ಲ ಹೆಸರಾ?"

"ಹೌದಮ್ಮ. ಕಡಲಿಗೆ ಹೋಗಿ ಬಾರದವರದ್ದು."

ಸ್ವಲ್ಪ ಹೊತ್ತು ಮಳೆ ಮಾತ್ರ ಕೇಳಿತು.

"ಒಂದೆರಡು ಓದಿ ಹೇಳು" ಎಂದಳು. ಫೋಟೋ ದೊಡ್ಡದು ಮಾಡಿಕೊಂಡು ಓದಿದೆ. ಉಚ್ಚಾರ ತಪ್ಪಿದ ಕಡೆ ತಮ್ಮ ಓದುತ್ತಿದ್ದಲ್ಲಿಂದಲೇ ತಿದ್ದಿದ. ಅಮ್ಮ ಒಂದೊಂದಕ್ಕೂ ಹೂಂ ಎಂದಳು. ಆಮೇಲೆ ಕೇಳಿದಳು, "ನೂಲ ಹುಣ್ಣಿಮೆಗೆ ಊರಲ್ಲಿ ಇರ್ತೀಯಲ್ವಾ?"

"ಇರ್ತೇನೆ."

"ಹಾಗಾದ್ರೆ ಈ ಸಲ ಆ ಎರಡನೇ ಕಾಯಿ ನೀನು ಬಿಡು."

ಆಯ್ತು ಅಂದೆ. ಫೋನ್ ಇಟ್ಟು, ನಿನ್ನೆಯ ಚಪ್ಪಲಿಯನ್ನು ಬಾಗಿಲ ಹೊರಗೆ ಕೊಡವಿದೆ. ಹೊಯ್ಗೆ ಇನ್ನೂ ಇತ್ತು.